ಬೆನ್ನು ನೋವು ಅಂತ ಹೇಳಿದ್ದೆ



ಈ ತಿಂಗಳ ಅಂಕಣವನ್ನು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡುತ್ತೇನೆ. ಬೇಸಿಗೆ ರಜೆಗೆ ಮುಂಚೆ, ಜೂನ್ ತಿಂಗಳಲ್ಲಿ, ಮೂರು ಶುಕ್ರವಾರ ನಾನು ತರಗತಿಗೆ ಬಂದಿರಲಿಲ್ಲ. ಬೆನ್ನು ನೋವು ಅಂತ ಗ್ರೂಪಿನಲ್ಲಿ ಮೆಸೇಜ್ ಹಾಕಿದ್ದೆ. ನನ್ನ ಬೆನ್ನಿಗೆ ಏನೂ ಆಗಿರಲಿಲ್ಲ. ಆಗಿದ್ದು ಮೂಲವ್ಯಾಧಿಯ ಆಪರೇಶನ್. ಊರಲ್ಲಿ ಮೊಳೆರೋಗ ಅಂತಾರೆ, ಈಗ ಎಲ್ಲರೂ ಪೈಲ್ಸ್ ಅಂತಾರೆ, ಅದೇ.

ನನ್ನ ಮೆಸೇಜ್ ನಂಬಿದ ಎರಡನೇ ಹಂತದ ಮಕ್ಕಳು ಸೇರಿ ಒಂದು ಕಾರ್ಡ್ ಮಾಡಿ ನನ್ನ ಮಗಳ ಕೈಯಲ್ಲಿ ಕಳಿಸಿದ್ದರು. ಹಾವಿನ ಹಾಗೆ ಬಳುಕುವ ಬೆನ್ನುಮೂಳೆ, ಅದರ ಮೇಲೆ ಅಡ್ಡಡ್ಡ ಒಂದು ಬ್ಯಾಂಡೇಜು, ಕೆಳಗೆ ದೊಡ್ಡ ಅಕ್ಷರದಲ್ಲಿ “ಸರ್, ನಿಮ್ಮ ಬೆಣ್ಣೆ ಬೇಗ ಗುಣವಾಗಲಿ”. ಬೆನ್ನು ಬೆಣ್ಣೆಯಾಗಿತ್ತು! ಆಪರೇಶನ್ ಆಗಿ ಐದನೇ ದಿನ ಅದು. ನಕ್ಕರೆ ಮೈಯಲ್ಲಿ ಯಾವ ಯಾವ ಸ್ನಾಯು ಬಿಗಿಯಾಗುತ್ತದೆ ಅನ್ನುವುದು ಅವತ್ತು ನನಗೆ ಗೊತ್ತಾಯಿತು.

ನಗು ನಿಂತ ಮೇಲೆ ಮನಸ್ಸಿಗೆ ಚುಚ್ಚಿತು. ಮೈಯಲ್ಲಿ ಏನೇ ಆದರೂ ಅಪ್ಪ ಅಮ್ಮನ ಹತ್ತಿರ ಹೇಳಿ ಅಂತ ಇದೇ ಅಂಕಣದಲ್ಲಿ ಮಕ್ಕಳಿಗೆ ಎಷ್ಟು ಸಲ ಬರೆದಿದ್ದೇನೆ. ನಾನೇ ಮೂರು ವರ್ಷ ಯಾರಿಗೂ ಹೇಳಿರಲಿಲ್ಲ.

ಮೊದಲು ಮಕ್ಕಳಿಗೆ ಇದು ಏನು ಅಂತ ಹೇಳಿಬಿಡುತ್ತೇನೆ. ನಗಬಹುದು, ಅಡ್ಡಿಯಿಲ್ಲ, ನಗುತ್ತಲೇ ಓದಿ. ನಾವು ಎರಡಕ್ಕೆ ಹೋಗುವ ದಾರಿಯ ಕೊನೆಯಲ್ಲಿ, ಒಳಗಡೆ, ಮೂರು ಸಣ್ಣ ಮೆತ್ತೆಗಳಿವೆ. ಅವುಗಳ ತುಂಬ ರಕ್ತನಾಳಗಳು. ನಿಮಗೂ ಇವೆ, ನನಗೂ ಇವೆ, ಒಲಿಂಪಿಕ್ಸ್ ಓಟಗಾರನಿಗೂ ಇವೆ. ನಲ್ಲಿಯೊಳಗಿನ ವಾಷರ್ ನೀರು ತೊಟ್ಟಿಕ್ಕದಂತೆ ತಡೆಯುತ್ತದಲ್ಲ, ಹಾಗೆಯೇ ಗಾಳಿ ಮತ್ತು ನೀರು ನಮಗೆ ಗೊತ್ತಿಲ್ಲದೆ ಹೊರಗೆ ಬರದಂತೆ ನೋಡಿಕೊಳ್ಳುವುದು ಇವುಗಳ ಕೆಲಸ. ಮಲಗಿದವನ ಮೇಲೆ ಒಂದು ಗಡಿಯಾರ ಇಟ್ಟಂತೆ ಊಹಿಸಿಕೊಂಡರೆ ಈ ಮೂರು ಮೆತ್ತೆಗಳು ಸಾಮಾನ್ಯವಾಗಿ 3, 7 ಮತ್ತು 11 ಗಂಟೆಯ ಜಾಗದಲ್ಲಿ ಇರುತ್ತವೆ. ಸರ್ಜನ್‌ಗಳು ಮಾತಾಡುವುದೂ ಹೀಗೆಯೇ. ನನ್ನ ಡಾಕ್ಟರು “ಏಳು ಗಂಟೆಯದು ದೊಡ್ಡದಿದೆ” ಅಂದಾಗ ನಾನು ಅಪಾಯಿಂಟ್‌ಮೆಂಟ್ ಅಂತ ತಿಳಿದು ಬೆಳಿಗ್ಗೆಯೋ ಸಂಜೆಯೋ ಅಂತ ಕೇಳಿದ್ದೆ.

ಮಲ ಗಟ್ಟಿಯಾಗಿ, ದಿನಾ ತಿಣುಕಿ ತಿಣುಕಿ, ಗಂಟೆಗಟ್ಟಲೆ ಕೂತು ಕೂತು ಈ ಮೆತ್ತೆಗಳು ಊದಿಕೊಂಡು ಕೆಳಗೆ ಜಾರಿದರೆ ಅದು ಮೂಲವ್ಯಾಧಿ. ಗರ್ಭಿಣಿಯರಿಗೂ ಬರುವುದುಂಟು. ಬರೀ ರಕ್ತ ಬಂದು ಗಡ್ಡೆ ಹೊರಗೆ ಬಾರದಿದ್ದರೆ ಒಂದನೇ ಹಂತ. ಹೊರಗೆ ಬಂದು ತಾನಾಗಿ ಒಳಗೆ ಹೋದರೆ ಎರಡು, ಕೈಯಿಂದ ಒಳಗೆ ತಳ್ಳಬೇಕಾದರೆ ಮೂರು, ತಳ್ಳಿದರೂ ಹೋಗದಿದ್ದರೆ ನಾಲ್ಕು. ಮೊದಲ ಎರಡು ಹಂತದಲ್ಲಿ ಹೆಚ್ಚಿನವರಿಗೆ ಊಟ, ನೀರು, ಔಷಧದಲ್ಲೇ ಹತೋಟಿಗೆ ಬರುತ್ತದೆ. ಅದಕ್ಕೆ ಬಗ್ಗದಿದ್ದರೆ ಬುಡಕ್ಕೆ ಸಣ್ಣ ರಬ್ಬರ್ ಬ್ಯಾಂಡ್ ಹಾಕುತ್ತಾರೆ, ಒಂದು ವಾರ ಹತ್ತು ದಿನದಲ್ಲಿ ಗಡ್ಡೆ ಒಣಗಿ ಉದುರುತ್ತದೆ. ನಾನು ಹೋದಾಗ ಮೂರನೇ ಹಂತ ದಾಟಿತ್ತು.

ಯಾಕೆ ಅಷ್ಟು ತಡ ಮಾಡಿದೆ ಅಂದರೆ, ನಾಚಿಕೆ. ಬೇರೆ ಕಾರಣ ಹುಡುಕಿದರೂ ಸಿಗುವುದಿಲ್ಲ. ಇನ್ಶೂರೆನ್ಸ್ ಇತ್ತು, ಹೆಲ್ತ್ ಕಾರ್ಡ್ ಇತ್ತು, ಮನೆಯಿಂದ ಹತ್ತು ನಿಮಿಷಕ್ಕೆ ಹೆಲ್ತ್ ಸೆಂಟರ್ ಇತ್ತು. ಹೆಂಡತಿಗೂ ಹೇಳಿರಲಿಲ್ಲ. ರಕ್ತ ಕಂಡರೆ ಫ್ಲಶ್ ಮಾಡಿ ಸುಮ್ಮನೆ ಹೊರಗೆ ಬರುವುದು, ಒಂದು ವಾರ ಮೆಣಸಿನಕಾಯಿ ಬಿಡುವುದು, ರಕ್ತ ನಿಂತರೆ ಗುಣವಾಯಿತು ಅಂದುಕೊಳ್ಳುವುದು. ಹೀಗೆ ಮೂರು ವರ್ಷ. ಕಳೆದ ಚಳಿಗಾಲದಲ್ಲಿ ಮಕ್ಕಳ ಜೊತೆ ಫುಟ್‌ಬಾಲ್ ನೋಡಲು ಸ್ಟೇಡಿಯಮ್ಮಿಗೆ ಹೋದಾಗ ಮೆಟ್ಟಿಲು ಹತ್ತಲು ಆಗಲಿಲ್ಲ, ಅರ್ಧದಲ್ಲಿ ಕಂಬಿ ಹಿಡಿದು ನಿಂತೆ. ಒಂಬತ್ತು ವರ್ಷದ ಮಗಳು “ಅಪ್ಪಾ, ನೀನು ಬೆಳ್ಳಗಾಗಿದ್ದೀ” ಅಂದಳು. ದೋಹಾದ ಬಿಸಿಲಲ್ಲಿ ಬೆಳ್ಳಗಾಗುವುದು ಹೇಗೆ ಅಂತ ನಗಾಡಿದೆ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಮರುವಾರ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 9.1. ಗಂಡಸರಿಗೆ 13ಕ್ಕಿಂತ ಕೆಳಗೆ ಇಳಿದರೆ ರಕ್ತಹೀನತೆ. ದಿನಾ ಹನಿ ಹನಿಯಾಗಿ ಹೋದದ್ದು ಅಷ್ಟಾಗಿತ್ತು.

ಸರ್ಜನ್ ಮೊದಲು ಹೇಳಿದ್ದು ಆಪರೇಶನ್ ವಿಷಯ ಅಲ್ಲ. “ಪೈಲ್ಸ್ ಇದೆ, ಕಾಣುತ್ತಿದೆ. ಆದರೆ ರಕ್ತ ಅಲ್ಲಿಂದಲೇ ಬರುತ್ತಿದೆ, ಮೇಲಿನಿಂದ ಅಲ್ಲ ಅಂತ ನೋಡದೆ ಹೇಳಲಾರೆ” ಅಂದರು. ಕೊಲೊನೋಸ್ಕೋಪಿ ಮಾಡಿ, ಅನುಮಾನ ಬಂದ ಒಂದು ಜಾಗದಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿಗೆ ನಾಲ್ಕು ದಿನ. ಆ ನಾಲ್ಕು ದಿನದ ಬಗ್ಗೆ ಹೆಚ್ಚು ಬರೆಯಲಾರೆ. ಮಗಳ ಕಾಪಿ ಪುಸ್ತಕದಲ್ಲಿ ಒತ್ತಕ್ಷರ ತಿದ್ದುತ್ತಾ ಕೂತಿರುತ್ತಿದ್ದೆ, ಒಂದು ಅಕ್ಷರವೂ ಕಣ್ಣಿಗೆ ಹತ್ತುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಬಾಯಿಬಿಟ್ಟಿದ್ದರೆ ಅನ್ನುವುದೊಂದೇ ಯೋಚನೆ. ವರದಿ ಒಳ್ಳೆಯದೇ ಬಂತು. ಎಲ್ಲರಿಗೂ ಹಾಗೇ ಬರುತ್ತದೆ ಅಂತ ಹೇಳಲು ಆಗುವುದಿಲ್ಲ. ಕರುಳಿನ ಕ್ಯಾನ್ಸರ್‌ನಲ್ಲೂ ರಕ್ತ ಬರುತ್ತದೆ, ಪೈಲ್ಸ್ ಇರುವವರಿಗೆ ಅದು ಬರಬಾರದೆಂದು ನಿಯಮವೇನೂ ಇಲ್ಲ.

ಹಾಗಾಗಿ ದೊಡ್ಡವರೇ, ರಕ್ತ ಕಂಡರೆ “ಪೈಲ್ಸ್ ಇರಬೇಕು” ಅಂತ ನೀವೇ ತೀರ್ಪು ಕೊಡಬೇಡಿ. ಮಲ ಡಾಂಬರಿನಂತೆ ಕಪ್ಪಗಿದ್ದರೆ, ತೂಕ ಇಳಿಯುತ್ತಿದ್ದರೆ, ಹೋಗುವ ಅಭ್ಯಾಸ ಏಕಾಏಕಿ ಬದಲಾಗಿ ಹಾಗೇ ಉಳಿದರೆ ಇನ್ನೂ ಬೇಗ ಹೋಗಿ. ಯಾವ ತೊಂದರೆಯೂ ಇಲ್ಲದ, 50ರಿಂದ 74 ವರ್ಷದವರಿಗೆ ಕತಾರಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯವಸ್ಥೆಯಲ್ಲಿ ಕರುಳಿನ ಕ್ಯಾನ್ಸರ್ ತಪಾಸಣೆಯ ಕಾರ್ಯಕ್ರಮವಿದೆ. ಮಲದ ಸಣ್ಣ ಮಾದರಿ ಕೊಟ್ಟರೆ ಕಣ್ಣಿಗೆ ಕಾಣದ ರಕ್ತ ಇದೆಯೇ ಎಂದು ನೋಡುತ್ತಾರೆ. ನಮ್ಮ ಪೋಷಕರಲ್ಲಿ ಐವತ್ತು ದಾಟಿದವರು ಕೆಲವರಾದರೂ ಇದ್ದೀರಿ, ಯಾರು ಅಂತ ಹೇಳುವುದಿಲ್ಲ.

ಇನ್ನೊಂದು ಮಾತು. ಊರಿನ ಬಸ್ ಸ್ಟ್ಯಾಂಡಿನ ಗೋಡೆಗಳ ಮೇಲೆ “ಮೂಲವ್ಯಾಧಿ, ಆಪರೇಶನ್ ಇಲ್ಲದೆ ಒಂದೇ ದಿನದಲ್ಲಿ ಗ್ಯಾರಂಟಿ ಗುಣ” ಅನ್ನುವ ಬೋರ್ಡು ನೋಡದ ಕನ್ನಡಿಗ ಇರಲಿಕ್ಕಿಲ್ಲ. ರಜೆಗೆ ಹೋದಾಗ ಅಲ್ಲಿಗೆ ಹೋಗಿ ಬರೋಣ ಅನ್ನುವ ಆಲೋಚನೆ ನನಗೂ ಬಂದಿತ್ತು, ಯಾಕೆಂದರೆ ಅಲ್ಲಿ ಪರಿಚಯದವರು ಯಾರೂ ಸಿಗುವುದಿಲ್ಲ! ಓದದವರು ಕೊಡುವ ಸುಡುವ ಇಂಜೆಕ್ಷನ್ನಿನಿಂದ ಮಲದ್ವಾರದ ಮಾಂಸವೇ ಕೊಳೆತು, ದಾರಿ ಕಿರಿದಾಗಿ ಆಸ್ಪತ್ರೆಗೆ ಬರುವವರಿದ್ದಾರೆ. ನಾನು ಆಯುರ್ವೇದವನ್ನು ದೂರುತ್ತಿಲ್ಲ. ಸುಶ್ರುತ ಸಂಹಿತೆಯಲ್ಲೇ ಅರ್ಶಸ್ಸಿಗೆ ಔಷಧ, ಕ್ಷಾರ, ಅಗ್ನಿ, ಶಸ್ತ್ರ ಎಂದು ನಾಲ್ಕು ದಾರಿ ಹೇಳಿದೆ, ಯಾರಿಗೆ ಯಾವುದು ಎಂದೂ ಹೇಳಿದೆ. ಬೋರ್ಡಿನವನಿಗೆ ಎಲ್ಲರಿಗೂ ಒಂದೇ ದಾರಿ.

ಇನ್ನು ಆಪರೇಶನ್. ಲೇಸರ್, ಸ್ಟೇಪ್ಲರ್ ಎಂದು ಈಗ ಬಗೆಬಗೆಯ ವಿಧಾನಗಳಿವೆ. ನನಗೆ ಮಾಡಿದ್ದು ಹಳೆಯದೇ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಮಿಲಿಗನ್ ಮತ್ತು ಮಾರ್ಗನ್ 1937ರಲ್ಲಿ ವಿವರಿಸಿದ ವಿಧಾನ ಅದು. ಊದಿದ ಮೂರೂ ಗಡ್ಡೆ ತೆಗೆದು, ಗಾಯಕ್ಕೆ ಹೊಲಿಗೆ ಹಾಕದೆ ತೆರೆದೇ ಬಿಡುತ್ತಾರೆ. ಎರಡು ಗಾಯಗಳ ನಡುವೆ ಚರ್ಮದ ಪಟ್ಟಿ ಉಳಿಸಿರುತ್ತಾರೆ, ಇಲ್ಲದಿದ್ದರೆ ಮಾಯುವಾಗ ದಾರಿ ಕಿರಿದಾಗುತ್ತದೆ. ತೆರೆದ ಗಾಯ ಬುಡದಿಂದ ಮೇಲಕ್ಕೆ ತುಂಬಿಕೊಂಡು ಬರಬೇಕು. ಮೊಣಕಾಲಿಗೆ ಆದ ಗಾಯಕ್ಕೆ ವಿಶ್ರಾಂತಿ ಕೊಡಬಹುದು, ಈ ಗಾಯದ ಮೇಲೆ ದಿನಾ ಮಲ ಹಾದುಹೋಗಲೇಬೇಕು. ಅದಕ್ಕೇ ಆರು ವಾರ, ಕೆಲವರಿಗೆ ಇನ್ನೂ ಹೆಚ್ಚು.

ಈ ಲೆಕ್ಕ ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಸೇರಿ ಮರುದಿನ ಮನೆಗೆ ಕಳಿಸಿದ್ದರಿಂದ ಒಂದು ವಾರದ ಕಥೆ ಅಂದುಕೊಂಡು, ಆಫೀಸಿನಲ್ಲಿ ಐದು ದಿನ ರಜೆ ಕೇಳಿದ್ದೆ. ಕತಾರಿನ 2004ರ ಕಾರ್ಮಿಕ ಕಾನೂನಿನ ಪ್ರಕಾರ, ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದ್ದು ವೈದ್ಯರ ಸರ್ಟಿಫಿಕೇಟ್ ಇದ್ದರೆ ವರ್ಷಕ್ಕೆ ಎರಡು ವಾರ ಪೂರ್ತಿ ಸಂಬಳದ ಅನಾರೋಗ್ಯ ರಜೆ, ಆಮೇಲೆ ನಾಲ್ಕು ವಾರ ಅರ್ಧ ಸಂಬಳದ ರಜೆ ಸಿಗುತ್ತದೆ. ಮನೆಗೆಲಸದವರಿಗೆ ಮಾತ್ರ ಬೇರೆ ಕಾನೂನು. ನಾನು ಕೊನೆಗೆ ತೆಗೆದುಕೊಂಡದ್ದು ಹದಿನೇಳು ದಿನ. ವಕ್ರಾದಿಂದ ವೆಸ್ಟ್ ಬೇವರೆಗೆ ಟ್ರಾಫಿಕ್ಕಿನಲ್ಲಿ ಕೂತು ಹೋಗಬೇಕಾದವರು ಒಂದು ವಾರಕ್ಕೇ ಹೊರಡುವ ಧೈರ್ಯ ಮಾಡಬೇಡಿ.

ಮೊದಲ ಎರಡು ದಿನ ನೋವಿನ ಮದ್ದಿನ ಬಲದಲ್ಲಿ ಕಳೆಯುತ್ತವೆ. ಮೂತ್ರ ಕಟ್ಟಿಕೊಳ್ಳುವುದು ಈ ಆಪರೇಶನ್ ಆದವರಲ್ಲಿ ಸಾಮಾನ್ಯ. ಗಂಟೆಗಟ್ಟಲೆ ಕಾದರೂ ಹೋಗದಿದ್ದರೆ ನಾಳೆ ನೋಡೋಣ ಅನ್ನದೆ ತಕ್ಷಣ ಹೇಳಬೇಕು. ಮದ್ದಿನ ಬಗ್ಗೆ ಒಂದು ಎಚ್ಚರಿಕೆ. “ಊರಿಂದ ಬರುವವರ ಕೈಯಲ್ಲಿ ಗಟ್ಟಿ ನೋವಿನ ಮಾತ್ರೆ ತರಿಸಿಕೋ” ಅಂತ ಸ್ನೇಹಿತರೊಬ್ಬರು ಪ್ರೀತಿಯಿಂದಲೇ ಹೇಳಿದರು. ಟ್ರಾಮಡಾಲ್, ಕೊಡೀನ್, ಪ್ರೆಗಾಬಲಿನ್‌ನಂಥ ಮಾತ್ರೆಗಳು ಇಲ್ಲಿ ಕಟ್ಟುನಿಟ್ಟಿನ ನಿಯಂತ್ರಣದಲ್ಲಿವೆ. ಬೇರೆಯವರಿಗಾಗಿ ತಂದು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ತಂದವರು ಜೈಲು ಸೇರಬಹುದು, ಇದರ ಬಗ್ಗೆ ನಮ್ಮ ರಾಯಭಾರ ಕಚೇರಿಯೂ ಎಚ್ಚರಿಕೆ ಕೊಟ್ಟಿದೆ. ಅದೂ ಅಲ್ಲದೆ ಟ್ರಾಮಡಾಲ್, ಕೊಡೀನ್ ಎರಡೂ ಮಲಬದ್ಧತೆ ತರುತ್ತವೆ. ಈ ಗಾಯ ಇರುವವನಿಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ಇಲ್ಲಿಯ ಡಾಕ್ಟರು ಬರೆದುಕೊಟ್ಟದ್ದನ್ನೇ ಹೊತ್ತು ಹೊತ್ತಿಗೆ ತೆಗೆದುಕೊಳ್ಳಿ, ನೋವು ಬರಲಿ ಆಮೇಲೆ ನುಂಗೋಣ ಅಂತ ಕಾಯಬೇಡಿ.

ಮೂರನೇ ದಿನ ಬರುತ್ತದೆ ಪರೀಕ್ಷೆ. ಮೊದಲ ಸಲ ಎರಡಕ್ಕೆ ಹೋಗುವ ದಿನ. ಹೆದರಿ ತಡೆದರೆ ಗಟ್ಟಿಯಾಗುತ್ತದೆ, ಗಟ್ಟಿಯಾದರೆ ಇನ್ನೂ ಹೆದರಿಕೆ. ನಾನು ಒಂದು ದಿನ ತಡೆದೆ, ಪಶ್ಚಾತ್ತಾಪ ಪಟ್ಟೆ. ಗಾಜಿನ ಚೂರು ಹಾದುಹೋದಂತೆ ಅನ್ನುತ್ತಾರಲ್ಲ, ಸುಳ್ಳಲ್ಲ. ಕಾಲಡಿ ಒಂದು ಸಣ್ಣ ಸ್ಟೂಲ್ ಇಟ್ಟು, ಮೊಣಕಾಲು ಸೊಂಟಕ್ಕಿಂತ ಮೇಲಿರುವಂತೆ ಕೂತು, ಬಾಯಿಯಿಂದ ಉಸಿರು ಬಿಡುತ್ತಾ ಇದ್ದರೆ ತಿಣುಕುವ ಅಗತ್ಯ ಕಡಿಮೆ. ಮುಗಿದ ಮೇಲೆ ನೇರ ಬೆಚ್ಚಗಿನ ನೀರಿನ ಟಬ್ಬಿಗೆ.

ಈ ಟಬ್ ನನ್ನನ್ನು ಬದುಕಿಸಿತು ಅಂತಲೇ ಹೇಳಬೇಕು. ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ಕೈಗೆ ಹಿತವಾಗಿರುವಷ್ಟು ಬಿಸಿ ನೀರು ಹಾಕಿ ಹತ್ತು ಹದಿನೈದು ನಿಮಿಷ ಕೂರುವುದು. ದಿನಕ್ಕೆ ಎರಡು ಮೂರು ಸಲ, ಮತ್ತೆ ಪ್ರತಿ ಸಲ ಎರಡಕ್ಕೆ ಹೋದ ಮೇಲೆ. ಉಪ್ಪು, ಡೆಟಾಲ್ ಯಾವುದೂ ಬೇಡ. ಬಿಗಿದುಕೊಂಡ ಸ್ನಾಯು ಸಡಿಲವಾಗುತ್ತದೆ, ನೋವು ತಗ್ಗುತ್ತದೆ. ಆದರೆ ನಾವಿರುವುದು ಕತಾರಿನಲ್ಲಿ, ಜೂನ್ ತಿಂಗಳು! ತಾರಸಿ ಟ್ಯಾಂಕಿನಿಂದ ತಣ್ಣೀರಿನ ನಲ್ಲಿಗೇ ಕುದಿನೀರು ಬರುವ ಕಾಲ. ಎರಡನೇ ದಿನ ಮಧ್ಯಾಹ್ನ ಅಭ್ಯಾಸಬಲದಿಂದ ಟಾಯ್ಲೆಟ್ಟಿನ ಪೈಪ್ ತೆಗೆದುಕೊಂಡು ಒತ್ತಿದೆ. ನನ್ನ ಕೂಗಿಗೆ ಪಕ್ಕದ ಫ್ಲಾಟಿನವರು ಬೆಲ್ ಮಾಡಿದರು. ಅವತ್ತಿನಿಂದ ರಾತ್ರಿಯೇ ಎರಡು ಬಕೆಟ್ ನೀರು ತುಂಬಿಸಿ ಏಸಿ ಕೋಣೆಯಲ್ಲಿಟ್ಟು, ಅದಕ್ಕೆ ನಲ್ಲಿ ನೀರು ಬೆರೆಸಿ ಹದ ಮಾಡುವುದು ಹೆಂಡತಿಯ ಕೆಲಸವಾಯಿತು. ಗೀಸರ್ ಆಫ್ ಮಾಡಿಟ್ಟು ಅದರೊಳಗಿನ ನೀರನ್ನೇ ತಣ್ಣೀರಾಗಿ ಬಳಸುವ ನಮ್ಮ ದೋಹಾ ಉಪಾಯವೂ ಆಗುತ್ತದೆ. ಒರೆಸುವಾಗ ಉಜ್ಜಬೇಡಿ, ಮೆತ್ತನೆಯ ಬಟ್ಟೆಯಿಂದ ಒತ್ತಿ ನೀರು ತೆಗೆಯಿರಿ ಅಷ್ಟೆ.

ಒಂಬತ್ತನೇ ದಿನ ಬೆಳಿಗ್ಗೆ ಮತ್ತೆ ರಕ್ತ. ಕೈಕಾಲು ತಣ್ಣಗಾಯಿತು. ಏಳರಿಂದ ಹದಿನಾಲ್ಕು ದಿನದೊಳಗೆ ಗಾಯದ ಹಕ್ಕಳೆ ಬಿಡುವಾಗ ಸ್ವಲ್ಪ ರಕ್ತ ಬರಬಹುದು ಅಂತ ಡಿಸ್ಚಾರ್ಜ್ ಹಾಳೆಯಲ್ಲಿ ಬರೆದಿತ್ತು, ನಾನು ಓದಿರಲಿಲ್ಲ. ಹೆಂಡತಿ ಓದಿದ್ದಳು. “ರೀ, ಒಂದು ಚಮಚದಷ್ಟೂ ಇಲ್ಲ, ಮಲಗಿ” ಅಂದಳು. ಹತ್ತಿ ಇಟ್ಟು ಮಲಗಿದೆ, ಅರ್ಧ ಗಂಟೆಯಲ್ಲಿ ನಿಂತಿತು. ನಿಲ್ಲದೆ ಸುರಿದರೆ, ಹೆಪ್ಪುಗಟ್ಟಿದ ರಕ್ತ ಬಂದರೆ, ತಲೆ ತಿರುಗಿದರೆ 999ಕ್ಕೆ ಫೋನ್ ಮಾಡಬೇಕು, ಗಾಡಿ ಓಡಿಸಿಕೊಂಡು ಹೋಗುವ ಸಾಹಸ ಬೇಡ. ಜ್ವರ, ಚಳಿ, ದಿನದಿಂದ ದಿನಕ್ಕೆ ಏರುವ ನೋವು ಇದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಈಗ ಈ ಲೇಖನ ಬರೆಯಲು ನಿಜವಾದ ಕಾರಣಕ್ಕೆ ಬರುತ್ತೇನೆ. ಮೊದಲ ಎರಡು ವಾರದ ನೋವಿಗೆ ಎಲ್ಲರೂ ನಿಮ್ಮನ್ನು ಸಜ್ಜು ಮಾಡುತ್ತಾರೆ. ನಾಲ್ಕನೇ ವಾರದ ಬಗ್ಗೆ ಯಾರೂ ಹೇಳುವುದಿಲ್ಲ. ಅಷ್ಟರಲ್ಲಿ ನೀವು ಆಫೀಸಿಗೆ ಹೋಗುತ್ತಿರುತ್ತೀರಿ, ಮನೆಯವರು ನಿಮ್ಮನ್ನು ಗುಣವಾದವರ ಪಟ್ಟಿಗೆ ಸೇರಿಸಿರುತ್ತಾರೆ. ಆದರೆ ಒಳಉಡುಪಿನಲ್ಲಿ ಹಳದಿ ಕಲೆ, ತುರಿಕೆ. ಎರಡಕ್ಕೆ ಹೋಗಿ ಬಂದರೂ ಇನ್ನೂ ಉಳಿದಿದೆ ಅನ್ನುವ ಭಾವನೆ. ಮೀಟಿಂಗಿನಲ್ಲಿ ಎದ್ದು ನಿಂತರೆ ಹೇಳದೆ ಕೇಳದೆ ಗಾಳಿ! ಮುಟ್ಟಿ ನೋಡಿದರೆ ಅಲ್ಲೇ ಮತ್ತೆ ಒಂದು ಗಂಟಿನ ಹಾಗೆ. ಆಪರೇಶನ್ ಕೆಟ್ಟಿತು, ರೋಗ ಮರಳಿ ಬಂತು ಅಂತ ನನಗೆ ಖಾತ್ರಿಯಾಗಿಬಿಟ್ಟಿತ್ತು. ಊಟ ರುಚಿಸಲಿಲ್ಲ, ಸುಮ್ಮಸುಮ್ಮನೆ ಮಗಳ ಮೇಲೆ ರೇಗಿದೆ.

ಐದನೇ ವಾರದ ಚೆಕಪ್ಪಿಗೆ ಇಷ್ಟನ್ನೂ ಚೀಟಿಯಲ್ಲಿ ಬರೆದುಕೊಂಡು ಹೋದೆ. ಬಾಯಿಂದ ಹೇಳಲು ಇನ್ನೂ ಆಗುತ್ತಿರಲಿಲ್ಲ. ಡಾಕ್ಟರು ಒಂದೊಂದಾಗಿ ವಿವರಿಸಿದರು. ತೆರೆದ ಗಾಯ ತುಂಬಿಕೊಳ್ಳುವವರೆಗೂ ನೀರು ಜಿನುಗುತ್ತದೆ, ಆ ಒದ್ದೆಯಿಂದಲೇ ತುರಿಕೆ. ಸೋಪು, ವೆಟ್ ಟಿಶ್ಯೂ ಬಿಟ್ಟು, ಹತ್ತಿಯ ಒಳಉಡುಪು ಹಾಕಿ, ನಡುವೆ ಒಂದು ಚೂರು ಒಣಗಿದ ಗಾಜ್ ಬಟ್ಟೆ ಇಟ್ಟರೆ ಸಾಕು. ಉಳಿದಿದೆ ಅನ್ನಿಸುವುದು ಮಲ ಅಲ್ಲ, ಒಳಗಿನ ಬಾವು. ಅದನ್ನು ಹೊರಹಾಕಲು ತಿಣುಕಿದರೆ ಬಾವು ಹೆಚ್ಚುತ್ತದೆ, ಆ ಭಾವನೆಯೂ ಹೆಚ್ಚುತ್ತದೆ. ಹಾಗಾಗಿ ಐದು ನಿಮಿಷ ಆಯಿತೋ, ಎದ್ದು ಬರಬೇಕು. ಗಾಳಿ ತಡೆಯುತ್ತಿದ್ದ ಮೆತ್ತೆಗಳನ್ನೇ ತೆಗೆದಿದ್ದಾರಲ್ಲ, ಉಳಿದ ಸ್ನಾಯು ಆ ಕೆಲಸ ಕಲಿಯಲು ಕೆಲವು ವಾರ ಬೇಕು. ಗಂಟಿನಂತೆ ಸಿಕ್ಕಿದ್ದು ಮಾಯುವಾಗ ಉಳಿದ ಚರ್ಮದ ಮಡಿಕೆ. ಅದು ಹಾಗೇ ಉಳಿಯಲೂಬಹುದು, ತೊಂದರೆಯಿಲ್ಲ. ಇಷ್ಟು ಕೇಳಿ ಹೊರಗೆ ಬಂದಾಗ ಅರ್ಧ ಗುಣವಾದ ಹಾಗಿತ್ತು. ಯಾವ ಮದ್ದನ್ನೂ ಬದಲಾಯಿಸಿರಲಿಲ್ಲ.

ಎಲ್ಲವನ್ನೂ ತಾಳ್ಮೆಯ ಖಾತೆಗೆ ಹಾಕಬಾರದು ಅಂತಲೂ ಅವರೇ ಹೇಳಿದರು. ಮಲ ದಿನದಿಂದ ದಿನಕ್ಕೆ ಪೆನ್ಸಿಲಿನಂತೆ ಸಪೂರವಾಗಿ ಬರುತ್ತಿದ್ದರೆ ದಾರಿ ಕಿರಿದಾಗುತ್ತಿರಬಹುದು. ಆರು ವಾರ ದಾಟಿಯೂ ಹೋಗುವಾಗ ಚೂರಿ ಹಾಕಿದಂಥ ನೋವು ಇದ್ದರೆ ಗಾಯ ಮಾಯದೆ ಬಿರುಕಾಗಿ ಉಳಿದಿರಬಹುದು, ಅದಕ್ಕೆ ಸ್ನಾಯು ಸಡಿಲಿಸುವ ಮುಲಾಮು ಇದೆ. ಗಾಳಿಯಷ್ಟೇ ಅಲ್ಲದೆ ಮಲವೂ ತಡೆಯಲಾಗದಿದ್ದರೆ, ಕೀವು ಬಂದರೆ, ಮತ್ತೆ ರಕ್ತ ಶುರುವಾದರೆ ಹೇಳಲೇಬೇಕು. ನಾಚಿಕೆಯಾದರೆ ನನ್ನ ಹಾಗೆ ಚೀಟಿ ಬರೆದು ಕೊಡಿ. ಡಾಕ್ಟರು ಓದುತ್ತಾರೆ, ನಗುವುದಿಲ್ಲ.

ನನಗೆ ಈಗ ಐದು ತಿಂಗಳಾಯಿತು. ತುರಿಕೆ ಮೂರನೇ ತಿಂಗಳಿಗೆ ಹೋಯಿತು. ಚರ್ಮದ ಮಡಿಕೆ ಇದೆ. ಹೊಟೇಲ್ ಊಟ ಜಾಸ್ತಿಯಾಗಿ ನೀರು ಕಡಿಮೆಯಾದ ವಾರ ಒಂದು ಸಣ್ಣ ಉರಿ ನೆನಪು ಮಾಡುತ್ತದೆ. ಏಸಿಯಲ್ಲಿ ಕೂತವರಿಗೆ ಬಾಯಾರಿಕೆ ಗೊತ್ತಾಗುವುದಿಲ್ಲ, ಇಲ್ಲಿಯ ಒಣ ಹವೆ ಮಾತ್ರ ಸದ್ದಿಲ್ಲದೆ ನೀರು ಎಳೆಯುತ್ತಿರುತ್ತದೆ. ಮೇಜಿನ ಮೇಲೆ ಬಾಟ್ಲಿ ಇಟ್ಟುಕೊಂಡು ಮೂತ್ರ ತಿಳಿಯಾಗಿರುವಷ್ಟು ಕುಡಿಯುವುದು ನನ್ನ ಲೆಕ್ಕ.

ಊಟದ ಉಸ್ತುವಾರಿ ಪುತ್ತೂರಿನಿಂದ ಅಮ್ಮ ಫೋನಿನಲ್ಲೇ ವಹಿಸಿಕೊಂಡರು. ವಿಷಯ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿನ್ನ ಅಪ್ಪನಿಗೂ ಇತ್ತು ಮಗಾ. ಹತ್ತು ವರ್ಷ ಯಾರ ಹತ್ರವೂ ಹೇಳದೆ ಕೂತಿದ್ರು” ಅಂದರು. ನನಗೆ ಅದು ಗೊತ್ತೇ ಇರಲಿಲ್ಲ. ಆಮೇಲೆ ಪಟ್ಟಿ ಶುರು: ಬಾಳೆದಿಂಡಿನ ಪಲ್ಯ, ಹರಿವೆ ಸೊಪ್ಪಿನ ಸಾರು, ಒಂದೆಲಗದ ತಂಬುಳಿ, ಸುವರ್ಣಗೆಡ್ಡೆ. ಸುವರ್ಣಗೆಡ್ಡೆಗೆ ಸಂಸ್ಕೃತದಲ್ಲಿ ಅರ್ಶೋಘ್ನ, ಮೂಲವ್ಯಾಧಿಯನ್ನು ಕೊಲ್ಲುವುದು ಅಂತಲೇ ಹೆಸರು. ಕೊಲ್ಲುತ್ತದೋ ಇಲ್ಲವೋ, ನಾರಂತೂ ಇದೆ. ದೊಡ್ಡವರಿಗೆ ದಿನಕ್ಕೆ 25ರಿಂದ 30 ಗ್ರಾಂ ನಾರು ಬೇಕು. ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 3 ಗ್ರಾಂ, ಅಷ್ಟೇ ರಾಗಿಯಲ್ಲಿ ಸುಮಾರು 11. ಘಟ್ಟದ ಮೇಲಿನವರ ಮುದ್ದೆಗೆ ಇಷ್ಟು ವರ್ಷ ಮೂಗು ಮುರಿದ ಕರಾವಳಿಯವನು ನಾನು, ಈಗ ಬೆಳಿಗ್ಗೆ ರಾಗಿ ಗಂಜಿ ಕುಡಿಯುತ್ತೇನೆ. ಇಲ್ಲಿ ಖರ್ಜೂರಕ್ಕೆ ಬರವಿಲ್ಲ, ದಿನಾ ಮೂರು ನಾಲ್ಕು, ಸಕ್ಕರೆ ಕಾಯಿಲೆ ಇದ್ದವರು ಕೇಳಿಕೊಂಡು. ರಾತ್ರಿ ಒಂದು ಚಮಚ ಇಸಬ್‌ಗೋಲ್ ದೊಡ್ಡ ಲೋಟ ನೀರಿನಲ್ಲಿ ಕಲಸಿ ತಕ್ಷಣ ಕುಡಿದು, ಮೇಲೆ ಇನ್ನೊಂದು ಲೋಟ ನೀರು. ನೀರು ಕಡಿಮೆ ಮಾಡಿದರೆ ಇಸಬ್‌ಗೋಲೇ ಒಳಗೆ ಗಟ್ಟಿಯಾಗಿ ಕೂರುತ್ತದೆ. ನಾರನ್ನು ಒಮ್ಮೆಲೇ ಏರಿಸಿದರೆ ಹೊಟ್ಟೆ ಉಬ್ಬರಿಸುತ್ತದೆ, ವಾರ ವಾರ ಸ್ವಲ್ಪ ಸ್ವಲ್ಪ ಹೆಚ್ಚಿಸಿ.

ಮಕ್ಕಳೇ, ಇನ್ನೂ ಓದುತ್ತಿದ್ದೀರಾ? ನಿಮ್ಮ ಹತ್ತಿರ ಒಂದು ಪ್ರಶ್ನೆ. ಬೆಳಿಗ್ಗೆ ಆರು ಗಂಟೆಗೆ ಬಸ್ಸು ಹತ್ತಿ ಮಧ್ಯಾಹ್ನ ಮನೆಗೆ ಬರುವವರೆಗೆ ನಿಮ್ಮಲ್ಲಿ ಎಷ್ಟು ಜನ ಶಾಲೆಯ ಟಾಯ್ಲೆಟ್ಟಿಗೆ ಹೋಗುತ್ತೀರಿ? ನಮ್ಮ ತರಗತಿಯಲ್ಲಿ ಕೇಳಿದಾಗ ಹನ್ನೊಂದು ಜನರಲ್ಲಿ ಮೂರು ಕೈ ಮಾತ್ರ ಎದ್ದವು. “ಗಲೀಜು ಸರ್”, “ಬೇರೆಯವರು ನಗ್ತಾರೆ ಸರ್”. ಹೋಗಬೇಕು ಅನ್ನಿಸದಿರಲಿ ಅಂತ ನೀರನ್ನೇ ಕುಡಿಯದವರೂ ಇದ್ದರು. ಬಂದದ್ದನ್ನು ತಡೆದರೆ ಮಲದ ನೀರನ್ನು ಕರುಳು ಹೀರಿಕೊಂಡು ಅದು ಕಲ್ಲಾಗುತ್ತದೆ. ಪೋಷಕರೇ, ಬಸ್ಸಿಗೆ ಕಾಲು ಗಂಟೆ ಮೊದಲು ಏಳಿಸಿ, ತಿಂಡಿ ಆದ ಮೇಲೆ ಹತ್ತು ನಿಮಿಷ ಅವಸರವಿಲ್ಲದೆ ಕೂರಲು ಬಿಡಿ. ತಿಂದ ಮೇಲೆ ಕರುಳು ತಾನಾಗಿ ಚುರುಕಾಗುತ್ತದೆ. ಶಾಲೆಯ ಟಾಯ್ಲೆಟ್ ನಿಜಕ್ಕೂ ಗಲೀಜಿದ್ದರೆ ಅದನ್ನು ಶಾಲೆಯಲ್ಲಿ ಹೇಳುವುದು ನಮ್ಮ ಕೆಲಸ, ಮಕ್ಕಳದ್ದಲ್ಲ.

ಕೂತಾಗ ಮೊಬೈಲ್ ಬೇಡ, ಇದು ಮಕ್ಕಳಿಗಿಂತ ಅಪ್ಪಂದಿರಿಗೆ. 2025ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಕೊಲೊನೋಸ್ಕೋಪಿಗೆ ಬಂದ 125 ಮಂದಿಯನ್ನು ಕೇಳಿ ನೋಡಿದಾಗ ಮೂರರಲ್ಲಿ ಎರಡು ಪಾಲು ಜನ ಟಾಯ್ಲೆಟ್ಟಿನಲ್ಲಿ ಫೋನ್ ನೋಡುವವರಾಗಿದ್ದರು, ಅವರಲ್ಲಿ ಪೈಲ್ಸ್ ಇರುವ ಸಾಧ್ಯತೆ ಉಳಿದವರಿಗಿಂತ 46 ಪ್ರತಿಶತ ಹೆಚ್ಚು ಕಂಡಿತು. ಫೋನೇ ಕಾರಣ ಎಂದು ಇಷ್ಟರಿಂದ ಸಾಬೀತಾಗದು, ಆದರೆ ಫೋನ್ ಹಿಡಿದವನು ಬೇಗ ಏಳುವುದಿಲ್ಲ ಅನ್ನುವುದಕ್ಕೆ ನಮ್ಮ ಮನೆಯಲ್ಲೇ ಸಾಕ್ಷಿ ಇದೆ.

ಇನ್ನು ನಗುವವರಿಗೆ ಒಂದು ಕಥೆ. 1980ರ ಅಕ್ಟೋಬರಿನಲ್ಲಿ ಅಮೆರಿಕದ ಬೇಸ್‌ಬಾಲ್ ವರ್ಲ್ಡ್ ಸೀರೀಸ್ ನಡೆಯುತ್ತಿತ್ತು. ಕಾನ್ಸಾಸ್ ಸಿಟಿ ತಂಡದ ದೊಡ್ಡ ಆಟಗಾರ ಜಾರ್ಜ್ ಬ್ರೆಟ್ ಎರಡನೇ ಪಂದ್ಯದ ನಡುವೆ ಮೈದಾನ ಬಿಟ್ಟು ಹೋದ. ಕಾರಣ ಮೂಲವ್ಯಾಧಿ. ಇಡೀ ದೇಶದ ಪತ್ರಿಕೆಗಳಲ್ಲಿ ಬಂತು. ಸಣ್ಣ ಚಿಕಿತ್ಸೆ ಮಾಡಿಸಿಕೊಂಡು ಮೂರನೇ ಪಂದ್ಯಕ್ಕೆ ಮರಳಿ ಮೊದಲ ಇನ್ನಿಂಗ್ಸ್‌ನಲ್ಲೇ ಹೋಮ್ ರನ್ ಹೊಡೆದ. ಕ್ರಿಕೆಟ್ಟಿನ ಸಿಕ್ಸರ್ ಅಂದುಕೊಳ್ಳಿ. ದೊಡ್ಡವರು ಇದನ್ನು ಓದಿ ಮೂರನೇ ದಿನ ಬ್ಯಾಟು ಹಿಡಿಯಬೇಡಿ, ಅವನಿಗೆ ಮಾಡಿದ್ದು ನನಗೆ ಮಾಡಿದಂಥ ಆಪರೇಶನ್ ಅಲ್ಲ.

ಕಳೆದ ಶುಕ್ರವಾರ ರಾಜ್ಯೋತ್ಸವದ ತಾಲೀಮಿನ ನಡುವೆ ಎರಡನೇ ಹಂತದ ಮಕ್ಕಳಿಗೆ ನಿಜ ಹೇಳಿದೆ. ಒಂದು ನಿಮಿಷ ಗೊಳ್ಳೆಂದು ನಕ್ಕರು. ಆಮೇಲೆ ಕಾರ್ಡ್ ಬರೆದ ಹುಡುಗ ಎದ್ದು ನಿಂತು, “ಹಾಗಾದ್ರೆ ಆ ಕಾರ್ಡ್ ವಾಪಸ್ ಕೊಡಿ ಸರ್, ಸರಿಯಾದ ಚಿತ್ರ ಬಿಡಿಸಿ ಕೊಡ್ತೀನಿ” ಅಂದ. ಬೇಡ ಮಾರಾಯ, ಬೆನ್ನೇ ಇರಲಿ ಅಂದೆ. ಕಾರ್ಡ್ ನಮ್ಮ ಫ್ರಿಜ್ಜಿನ ಮೇಲೆ ಹಾಗೇ ಇದೆ. ತಾಲೀಮು ಮುಗಿದ ಮೇಲೆ ಪೋಷಕರೊಬ್ಬರು ಪಾರ್ಕಿಂಗಿನವರೆಗೆ ಜೊತೆಗೇ ನಡೆದುಬಂದು, ಹವೆ, ಟ್ರಾಫಿಕ್ಕು, ಎಲ್ಲ ಮಾತಾಡಿ, ಕೊನೆಗೆ ಕಾರಿನ ಬಾಗಿಲು ಹಿಡಿದುಕೊಂಡು ಕೇಳಿದರು: “ಸರ್, ಕೊಲೊನೋಸ್ಕೋಪಿಗೆ ನೋವಾಗ್ತದಾ?”

ಇಲ್ಲ. ಮಂಪರು ಬರಲು ಮದ್ದು ಕೊಡುತ್ತಾರೆ, ನನಗೆ ಗೊತ್ತೇ ಆಗಲಿಲ್ಲ. ಹಿಂದಿನ ದಿನ ಕುಡಿಯುವ ಭೇದಿ ಮದ್ದೇ ಅದಕ್ಕಿಂತ ಕಷ್ಟ. ಅವರಿಗೆ ಮುಂದಿನ ವಾರ ಅಪಾಯಿಂಟ್‌ಮೆಂಟ್ ಇದೆ.

ಹೆಸರು ಹೇಳದೆ ಕೇಳಬೇಕಾದದ್ದು ಇದ್ದರೆ ತರಗತಿಯ ಪ್ರಶ್ನೆ ಡಬ್ಬಿಯಲ್ಲಿ ಚೀಟಿ ಹಾಕಿ, ಡಿಸೆಂಬರ್ ಸಂಚಿಕೆಯಲ್ಲಿ ಉತ್ತರಿಸುತ್ತೇನೆ. ವೈದ್ಯಕೀಯ ಪ್ರಶ್ನೆಗಳನ್ನು ನಮ್ಮ ಪೋಷಕರಲ್ಲೇ ಇರುವ ಡಾಕ್ಟರೊಬ್ಬರಿಗೆ ತೋರಿಸಿಯೇ ಬರೆಯುತ್ತೇನೆ.